ಥ್ರಾಟಲ್ ಬಿಟ್ಟರೆ ಸ್ಟಿಯರಿಂಗೂ ಬಿಟ್ಟ ಹಾಗೆ: ಹೊಸದಾಗಿ ಜೆಟ್ ಬೋಟ್ ತಗೊಂಡವರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಾವು ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ. ಈ ಮಾರ್ಚ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜೆಟ್ ಬೋಟ್ ತಗೊಂಡೆವು. 19 ಅಡಿ, ಒಂದೇ ಇಂಜಿನ್. ಲೂಯಿಸ್‌ವಿಲ್ ಲೇಕ್‌ನಲ್ಲಿ ನಾಲ್ಕು ಸಲ ಓಡಿಸಿದ್ದೇವೆ. ಜೋರಾಗಿ ಹೋಗುವಾಗ ಹೇಳಿದ ಮಾತು ಕೇಳುತ್ತದೆ. ಆದರೆ ಡಾಕ್ (ಬೋಟು ಕಟ್ಟುವ ಕಟ್ಟೆ) ಹತ್ತಿರ, ಅಲೆ ಎಬ್ಬಿಸದೆ ಹೋಗಬೇಕಾದ 'ನೋ ವೇಕ್' ಜಾಗದಲ್ಲಿ ನಿಧಾನ ಮಾಡಿದ ತಕ್ಷಣ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡುತ್ತದೆ. ನೇರ ಹೋಗುವುದೇ ಇಲ್ಲ.

ಹೋದ ಭಾನುವಾರ ಡಾಕ್ ನಮ್ಮ ಎಡಗಡೆ ಇತ್ತು. ತೀರಾ ಹತ್ತಿರ ಬಂದಾಗ ಗಾಬರಿಯಾಗಿ ಥ್ರಾಟಲ್ (ಇಂಜಿನ್ ವೇಗ ಏರಿಸಿ ಇಳಿಸುವ ಹಿಡಿ) ಪೂರ್ತಿ ಇಳಿಸಿ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಬೋಟು ತಿರುಗಲೇ ಇಲ್ಲ. ರಿವರ್ಸ್ ಹಾಕಿದೆ. ಹಿಂಭಾಗ ಡಾಕ್‌ನಿಂದ ದೂರ ಸರಿಯುವ ಬದಲು ಡಾಕ್‌ಗೇ ಹೋಗಿ ಬಡಿಯಿತು. ಶಿವಮೊಗ್ಗದಿಂದ ಬಂದಿದ್ದ ನಮ್ಮ ಮಾವನವರು ಮುಂದುಗಡೆ ಕೂತಿದ್ದರು. ಕಾಲು ಚಾಚಿ ತಡೆಯಲು ಹೋದರು. ಪುಣ್ಯಕ್ಕೆ ಏನೂ ಆಗಲಿಲ್ಲ, ಬೋಟಿನ ಮೂಲೆಯಲ್ಲಿ ಅಂಗೈ ಅಗಲ ಜೆಲ್‌ಕೋಟ್ (ಹೊರಗಿನ ನುಣುಪು ಪದರ) ಕಿತ್ತುಹೋಗಿದೆ ಅಷ್ಟೇ.

ಒಂದು ವರ್ಕ್‌ಶಾಪ್‌ನವರು ಸ್ಟಿಯರಿಂಗ್ ಕೇಬಲ್ ಹಾಳಾಗಿದೆ, ಬದಲಿಸಬೇಕು ಅಂತಾರೆ. ಸ್ನೇಹಿತರೊಬ್ಬರು ಫಿನ್ (ಚಿಕ್ಕ ರೆಕ್ಕೆ) ಹಾಕಿಸಿ ಅಂತಾರೆ. ಇನ್ನೊಬ್ಬರು ಇದನ್ನು ಮಾರಿ ಔಟ್‌ಬೋರ್ಡ್ (ಇಂಜಿನ್ ಹಿಂದೆ ಹೊರಗಡೆ ಕೂಡಿಸಿರುವ ಬೋಟು) ತಗೊಳ್ಳಿ ಅಂತಾರೆ. ಪ್ರೊಪೆಲ್ಲರ್ ಇಲ್ಲ, ಮಕ್ಕಳಿಗೆ ಸೇಫ್ ಅಂತ ಇದನ್ನು ತಗೊಂಡಿದ್ದು. ಮಕ್ಕಳಿಗೆ 6 ಮತ್ತು 9 ವರ್ಷ. ನಿಜವಾಗಿಯೂ ಸೇಫಾ? ಸ್ಟಿಯರಿಂಗ್ ಕೆಟ್ಟಿದೆಯಾ, ಇಲ್ಲ ನನಗೇ ಓಡಿಸಲು ಬರುತ್ತಿಲ್ಲವಾ?"

ಉತ್ತರ:

ಮೊದಲು ನಿಮ್ಮ ಮಾವನವರ ಕಾಲಿನ ವಿಷಯ. ಬೋಟಿನ ಮಿಕ್ಕ ಮಾತು ಆಮೇಲೆ.

19 ಅಡಿಯ ಬೋಟು, ತುಂಬಿದ ಟ್ಯಾಂಕ್, ಐದು ಜನ, ಐಸ್ ಪೆಟ್ಟಿಗೆ ಎಲ್ಲ ಸೇರಿ ಸುಮಾರು ಒಂದೂವರೆ ಟನ್ ಆಗುತ್ತದೆ. ಅದು ನಡೆಯುವ ವೇಗದಲ್ಲಿ ಬಂದರೂ ಯಾರ ಕಾಲೂ ಅದನ್ನು ತಡೆಯಲಾರದು. ಬೋಟು ಮತ್ತು ಡಾಕ್ ನಡುವೆ ಕಾಲು ಸಿಕ್ಕರೆ ಮೂಳೆ ಪುಡಿಯಾಗುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಜೋರಾಗಿ ಹೇಳುವುದು ಕಷ್ಟ, ನನಗೂ ಗೊತ್ತು. ಅದಕ್ಕೆ ನೀರಿಗೆ ಇಳಿಯುವ ಮೊದಲೇ, ಟ್ರೇಲರ್ ಮೇಲಿರುವಾಗಲೇ ಹೇಳಿಬಿಡಿ: "ಮಾವ, ಡಾಕ್ ಹತ್ತಿರ ಬಂದಾಗ ಕೈಕಾಲು ಒಳಗೇ ಇರಲಿ. ಬಡಿದರೆ ಬಡಿಯಲಿ, ಬೋಟನ್ನು ರಿಪೇರಿ ಮಾಡಿಸಬಹುದು." ಅವರ ಕೈಗೆ ಹಗ್ಗ ಕಟ್ಟಿದ ಒಂದು ಫೆಂಡರ್ (ಪೆಟ್ಟು ತಡೆಯುವ ಮೆತ್ತೆ) ಕೊಡಿ. ಮಧ್ಯಕ್ಕೆ ಹಿಡಿಯಬೇಕಾದ್ದು ಅದನ್ನು. ಏನಾದರೂ ಮಾಡಬೇಕು ಅನ್ನುವ ಅವರ ಕಾಳಜಿಗೂ ಒಂದು ಕೆಲಸ ಸಿಕ್ಕಿದ ಹಾಗಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನೀವು ಬರೆದದ್ದನ್ನು ಓದಿದರೆ ಸ್ಟಿಯರಿಂಗ್ ಕೆಟ್ಟಿರುವ ಲಕ್ಷಣ ನನಗೆ ಒಂದೂ ಕಾಣುತ್ತಿಲ್ಲ. ನೀವು ಹೇಳಿದ ಮೂರು ತೊಂದರೆಯೂ, ಅಂದರೆ ನಿಧಾನದಲ್ಲಿ ಓಲಾಡುವುದು, ಥ್ರಾಟಲ್ ಇಳಿಸಿದರೆ ತಿರುಗದಿರುವುದು, ರಿವರ್ಸ್‌ನಲ್ಲಿ ಉಲ್ಟಾ ಹೋಗುವುದು, ಸರಿಯಾಗಿರುವ ಜೆಟ್ ಬೋಟಿನ ಗುಣಗಳೇ. ಹೊಸದಾಗಿ ಕೊಂಡವರಲ್ಲಿ ಹೆಚ್ಚಿನವರು ಮೊದಲ ತಿಂಗಳಲ್ಲಿ ನನಗೆ ಹೇಳುವ ದೂರು ಇದೇ. ಕೇಬಲ್ ಪರೀಕ್ಷೆ ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ನೋಡದೆ ಬದಲಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ. ಅಳಿವೆಯಲ್ಲಿ ಮೀನಿನ ದೋಣಿ ಬರುವುದನ್ನು ನೋಡುತ್ತಾ ದೊಡ್ಡವನಾದೆ. ಆ ದೋಣಿಗಳಿಗೆ ಹಿಂದೆ ಚುಕ್ಕಾಣಿ ಇರುತ್ತದೆ. ಇಂಜಿನ್ ನಿಂತರೂ ದೋಣಿ ಮುಂದೆ ಸಾಗುತ್ತಿರುವಷ್ಟು ಹೊತ್ತು ಚುಕ್ಕಾಣಿಗೆ ನೀರು ತಾಗುತ್ತಿರುತ್ತದೆ, ದೋಣಿ ತಿರುಗುತ್ತದೆ. ಔಟ್‌ಬೋರ್ಡ್‌ನಲ್ಲೂ ಅಷ್ಟೇ. ನೀರೊಳಗೆ ಇಳಿದಿರುವ ಅದರ ಕಾಲು ಚುಕ್ಕಾಣಿಯ ಹಾಗೆ ಸ್ವಲ್ಪ ಕೆಲಸ ಮಾಡುತ್ತದೆ. ಜೆಟ್ ಬೋಟಿಗೆ ಇದು ಯಾವುದೂ ಇಲ್ಲ. ಹೊಟ್ಟೆಯ ಕೆಳಗೆ ಕೈ ಆಡಿಸಿದರೆ ನೀರು ಎಳೆದುಕೊಳ್ಳುವ ಒಂದು ಜಾಲರಿ ಬಿಟ್ಟರೆ ಏನೂ ಸಿಗುವುದಿಲ್ಲ.

ಬೇಕೆಂದೇ ಹಾಗೆ ಮಾಡಿದ್ದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಬಿಲ್ ಹ್ಯಾಮಿಲ್ಟನ್ ಅನ್ನುವ ಕುರಿ ಸಾಕಣೆಯ ರೈತ ಇದ್ದರು, ಒಳ್ಳೆಯ ಎಂಜಿನಿಯರ್ ಕೂಡ. ಅವರ ಕಡೆಯ ನದಿಗಳು ಅಗಲ, ಆದರೆ ಆಳವಿಲ್ಲ, ತುಂಬ ಬೆಣಚುಕಲ್ಲು. ಪ್ರೊಪೆಲ್ಲರ್ ಇಟ್ಟರೆ ಮುರಿಯುತ್ತದೆ. 1950ರ ದಶಕದಲ್ಲಿ ಅವರು ನೀರನ್ನು ಒಳಗೆ ಎಳೆದು ಹಿಂದಕ್ಕೆ ಚಿಮ್ಮಿಸುವ ಪಂಪನ್ನು ಬೋಟಿಗೆ ಕೂಡಿಸಿ ಆ ನದಿಗಳಲ್ಲಿ ಓಡಿಸಿದರು. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟ್‌ಗಳಲ್ಲಿ ಗಂಗೆಯ ಮುಖದಿಂದ ಪ್ರವಾಹಕ್ಕೆ ಎದುರಾಗಿ ಹೊರಟು, ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬರುವವರೆಗೂ ಹೋಗಿದ್ದರು. ಹೊಟ್ಟೆಯ ಕೆಳಗೆ ಏನೂ ಇಲ್ಲದಿದ್ದರಿಂದಲೇ ಅದು ಸಾಧ್ಯವಾಯಿತು. ನಿಮ್ಮನ್ನು ಡಾಕ್ ಹತ್ತಿರ ಗೋಳಾಡಿಸುತ್ತಿರುವುದೂ ಅದೇ.

ಒಳಗೆ ಆಗುವುದು ಇಷ್ಟು. ಪಂಪಿನೊಳಗೆ ಇಂಪೆಲ್ಲರ್ ಅನ್ನುವ ರೆಕ್ಕೆಗಳ ಚಕ್ರ ಇದೆ, ಇಂಜಿನ್ ಅದನ್ನು ತಿರುಗಿಸುತ್ತದೆ. ಕೆಳಗಿನ ಜಾಲರಿಯಿಂದ ನೀರು ಬರುತ್ತದೆ, ಹಿಂದಿನ ನಾಜಲ್‌ನಿಂದ ರಭಸವಾಗಿ ಹೊರಗೆ ಹೋಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೆ ಆ ನಾಜಲ್ ಎಡಕ್ಕೋ ಬಲಕ್ಕೋ ವಾಲುತ್ತದೆ. ಬೋಟನ್ನು ತಿರುಗಿಸುವುದು ನಾಜಲ್ ಅಲ್ಲ, ಅದರಿಂದ ಚಿಮ್ಮುವ ನೀರು. ತೋಟಕ್ಕೆ ನೀರು ಬಿಡುವ ಪೈಪ್ ಹಿಡಿದಿದ್ದೀರಿ ಅಂದುಕೊಳ್ಳಿ. ನೀರು ಜೋರಾಗಿದ್ದಾಗ ಪೈಪ್ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ನಲ್ಲಿ ಕಟ್ಟಿದ ಮೇಲೆ ಪೈಪನ್ನು ಯಾವ ಕಡೆ ತಿರುಗಿಸಿದರೂ ಏನೂ ಆಗುವುದಿಲ್ಲ, ಅಲ್ವಾ? ಆ ಭಾನುವಾರ ನೀವು ಮಾಡಿದ್ದು ಅದನ್ನೇ. ನಲ್ಲಿ ಕಟ್ಟಿ ಪೈಪ್ ತಿರುಗಿಸಿದಿರಿ.

ಇದು ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಕಾರು ಓಡಿಸಿದ ಕಾಲು ಅದು. ಎದುರಿಗೆ ಏನಾದರೂ ಬಂದರೆ ಆಕ್ಸಿಲರೇಟರ್‌ನಿಂದ ತನ್ನಷ್ಟಕ್ಕೆ ಎದ್ದುಬಿಡುತ್ತದೆ. ಬೋಟಿನಲ್ಲಿ ಅದೇ ಅಭ್ಯಾಸ ಕೈಗೆ ಬರುತ್ತದೆ. ಕಾರಿನಲ್ಲಿ ಜೀವ ಉಳಿಸುವ ಆ ಅಭ್ಯಾಸವೇ ಜೆಟ್ ಬೋಟಿನಲ್ಲಿ ಅಪಘಾತ ಮಾಡಿಸುತ್ತದೆ. ಜೆಟ್ ಬೋಟುಗಳ ವಿಷಯದಲ್ಲಿ ನನಗೆ ನಿಜವಾಗಿ ಭಯ ಇರುವುದು ಇದೊಂದರ ಬಗ್ಗೆಯೇ. ಡಾಕ್‌ಗೆ ತಾಗಿ ಜೆಲ್‌ಕೋಟ್ ಹೋದರೆ ಹೋಯಿತು. ಗಂಟೆಗೆ 30 ಮೈಲಿಯಲ್ಲಿ ಹೋಗುವಾಗ ಮುಂದೆ ಇನ್ನೊಂದು ಬೋಟು ಅಡ್ಡ ಬಂದು ನೀವು ಥ್ರಾಟಲ್ ಬಿಟ್ಟಿರಿ ಅಂದರೆ, ಬೋಟು ನೇರ ಅದರ ಕಡೆಗೇ ಜಾರುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಥ್ರಾಟಲ್ ಸ್ವಲ್ಪ ಇರಲೇಬೇಕು. ಸ್ಟಿಯರಿಂಗ್ ಚಕ್ರ ತಿರುಗಿಸಿ, ಥ್ರಾಟಲ್ ಹಿಡಿದೇ ಇರಿ, ಪಕ್ಕಕ್ಕೆ ಹೋಗಿ. ಆಮೇಲೆ ಇಳಿಸಿ.

ಓದಿದರೆ ಸುಲಭ ಅನ್ನಿಸುತ್ತದೆ. ಆದರೆ ಗಾಬರಿಯಲ್ಲಿ ತಲೆಗೆ ಗೊತ್ತಿರುವುದು ಕೈಗೆ ಇಳಿಯುವುದಿಲ್ಲ. ಕೈಗೆ ಅಭ್ಯಾಸವೇ ಆಗಬೇಕು. ಆ ಅಭ್ಯಾಸ ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಿಧಾನದಲ್ಲಿ ಓಲಾಡುವುದಕ್ಕೆ ಬರೋಣ. ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದ್ದೀರಾ? ಅದರ ತಳ ಚಪ್ಪಟೆ, ನೀರನ್ನು ಹಿಡಿದುಕೊಳ್ಳಲು ಏನೂ ಇಲ್ಲ. ಹುಟ್ಟು ಹಾಕುವವನು ಸುಮ್ಮನೆ ಕೂತರೆ ಅದು ಗಿರಗಿರ ತಿರುಗುತ್ತದೆ. ಅವನು ಎಡಕ್ಕೊಂದು ಬಲಕ್ಕೊಂದು ಸಣ್ಣ ಸಣ್ಣ ಏಟು ಹಾಕುತ್ತಾ ನೇರ ಒಯ್ಯುತ್ತಾನೆ. ನಿಮ್ಮ ಬೋಟು ಜೋರಾಗಿ ಹೋಗುವಾಗ ತಳದ ಅಂಚುಗಳು ನೀರನ್ನು ಕೊಯ್ಯುತ್ತವೆ, ನೇರ ಹೋಗುತ್ತದೆ. ನಿಧಾನ ಆದಾಗ ಅದು ಹರಿಗೋಲಿನ ತಮ್ಮನೇ. ಮೂತಿ ಸ್ವಲ್ಪ ಎಡಕ್ಕೆ ಹೋಗುತ್ತದೆ, ಆಮೇಲೆ ಬಲಕ್ಕೆ ಬರುತ್ತದೆ.

ಹೊಸಬರು ಏನು ಮಾಡುತ್ತಾರೆ? ಮೂತಿ ಎಡಕ್ಕೆ ಹೋದ ತಕ್ಷಣ ಚಕ್ರವನ್ನು ಅರ್ಧ ಸುತ್ತು ಬಲಕ್ಕೆ ತಿರುಗಿಸುತ್ತಾರೆ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಪೂರ್ತಿ ಇಳಿಸಿದಾಗ, ನೀರಿನ ಹೊಡೆತ ಕಡಿಮೆ, ಹಾಗಾಗಿ ಬೋಟು ತಡವಾಗಿ ಪ್ರತಿಕ್ರಿಯೆ ಕೊಡುತ್ತದೆ. ಏನೂ ಆಗಲಿಲ್ಲ ಅಂತ ಇನ್ನೂ ತಿರುಗಿಸುತ್ತಾರೆ. ಅಷ್ಟರಲ್ಲಿ ಮೊದಲು ತಿರುಗಿಸಿದ್ದರ ಪರಿಣಾಮ ಶುರುವಾಗಿ ಮೂತಿ ಬಲಕ್ಕೆ ಹಾರುತ್ತದೆ. ಮತ್ತೆ ಎಡಕ್ಕೆ. ಓಲಾಟದಲ್ಲಿ ಅರ್ಧದಷ್ಟು ಬೋಟಿನದ್ದು, ಮಿಕ್ಕ ಅರ್ಧ ನಮ್ಮ ಕೈಯದ್ದು. ಒಮ್ಮೆ ಚಕ್ರವನ್ನು ನಡುವಿನಲ್ಲಿ ಇಟ್ಟು, ಎರಡು ಬೆರಳಲ್ಲಿ ಹಿಡಿದು, ಹತ್ತರವರೆಗೆ ಎಣಿಸಿ ನೋಡಿ. ಮೂತಿ ತಾನೇ ಹೋಗಿ ತಾನೇ ವಾಪಸ್ ಬರುತ್ತದೆ. ಮೂತಿಯನ್ನು ನೋಡಬೇಡಿ. ದೂರದ ಒಂದು ಮರ ಹಿಡಿದುಕೊಳ್ಳಿ, ಸರಾಸರಿ ಅದರ ಕಡೆ ಹೋಗುತ್ತಿದ್ದರೆ ಸಾಕು. ಮುಂದುಗಡೆ ಜಾಸ್ತಿ ಜನ ಕೂತಿದ್ದರೆ ಓಲಾಟವೂ ಜಾಸ್ತಿ. ಡಾಕ್‌ಗೆ ಬರುವಾಗ ಒಬ್ಬರನ್ನು ಬಿಟ್ಟು ಉಳಿದವರು ಹಿಂದೆ ಕೂರಲಿ.

ಸ್ವಲ್ಪ ಥ್ರಾಟಲ್ ಏರಿಸಿದರೆ ಹಿಡಿತ ಬರುತ್ತದೆ ನಿಜ. ಕೆಲವು ಬೋಟ್‌ಗಳಲ್ಲಿ ನೋ ವೇಕ್ ಜಾಗಕ್ಕೆಂದೇ ಮೆಟ್ಟಿಲು ಮೆಟ್ಟಿಲಾಗಿ ವೇಗ ಏರಿಸುವ ಬಟನ್ ಇರುತ್ತದೆ, ನಿಮ್ಮದರಲ್ಲಿ ಇದೆಯಾ ನೋಡಿ. ಆದರೆ ಡಾಕ್ ಪಕ್ಕದಲ್ಲಿ ಅದು ಬೇಡ.

ಈಗ ರಿವರ್ಸ್. ಇದು ಎಲ್ಲರನ್ನೂ ಕಾಡುತ್ತದೆ. ಜೆಟ್ ಬೋಟಿನಲ್ಲಿ ರಿವರ್ಸ್ ಗೇರ್ ಅಂತ ಇಲ್ಲ. ಇಂಪೆಲ್ಲರ್ ಯಾವಾಗಲೂ ಒಂದೇ ಕಡೆ ತಿರುಗುತ್ತದೆ. ರಿವರ್ಸ್ ಹಾಕಿದರೆ ನಾಜಲ್ ಮುಂದೆ ಒಂದು ಬಕೆಟ್ ಇಳಿಯುತ್ತದೆ. ಹಿಂದಕ್ಕೆ ಹೋಗಬೇಕಿದ್ದ ನೀರು ಅದಕ್ಕೆ ಬಡಿದು ಬೋಟಿನ ಕೆಳಗೆ ಮುಂದಕ್ಕೆ ತಿರುಗುತ್ತದೆ. ಬಕೆಟ್ ಅರ್ಧ ಇಳಿದಿದ್ದರೆ ಅದೇ ನ್ಯೂಟ್ರಲ್. ಸ್ವಲ್ಪ ನೀರು ಹಿಂದಕ್ಕೆ, ಸ್ವಲ್ಪ ಮುಂದಕ್ಕೆ. ಎರಡೂ ಪೂರ್ತಿ ಸಮ ಆಗುವುದಿಲ್ಲ, ಅದಕ್ಕೇ ನ್ಯೂಟ್ರಲ್‌ನಲ್ಲೂ ಬೋಟು ಮೆಲ್ಲಗೆ ತೆವಳುತ್ತದೆ. ಇದೂ ಕೆಟ್ಟದ್ದಲ್ಲ.

ಕಾರನ್ನು ಹಿಂದಕ್ಕೆ ತೆಗೆಯುವಾಗ ಚಕ್ರ ಬಲಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಹೋಗುತ್ತದೆ. ಔಟ್‌ಬೋರ್ಡ್‌ನಲ್ಲೂ ಹಾಗೇ. ಜೆಟ್ ಬೋಟಿನಲ್ಲಿ ಉಲ್ಟಾ. ನೀರು ಮುಂದಕ್ಕೆ ತಿರುಗಿದರೂ ನಾಜಲ್ ಬಲಕ್ಕೆ ವಾಲಿರುವುದರಿಂದ ಹಿಂಭಾಗವನ್ನು ಎಡಕ್ಕೇ ತಳ್ಳುತ್ತದೆ. ನೆನಪಿಟ್ಟುಕೊಳ್ಳಲು ನಾನು ಎಲ್ಲರಿಗೂ ಹೇಳಿಕೊಡುವುದು ಒಂದೇ ಸಾಲು: ಚಕ್ರ ಮಾತಾಡುವುದು ಮೂತಿಯ ಜೊತೆ. ಮುಂದೆ ಹೋಗಲಿ, ಹಿಂದೆ ಹೋಗಲಿ, ಚಕ್ರ ಬಲಕ್ಕೆ ತಿರುಗಿಸಿದರೆ ಮೂತಿ ಬಲಕ್ಕೆ ತಿರುಗುತ್ತದೆ, ಬಾಲ ಎಡಕ್ಕೆ.

ಈಗ ಆ ಭಾನುವಾರವನ್ನು ಇನ್ನೊಮ್ಮೆ ನೋಡೋಣ. ಡಾಕ್ ಎಡಗಡೆ. ಚಕ್ರ ಬಲಕ್ಕೆ ಇತ್ತು. ಥ್ರಾಟಲ್ ಇಲ್ಲದ್ದರಿಂದ ತಿರುಗಲಿಲ್ಲ. ಅದೇ ಚಕ್ರ ಬಲಕ್ಕಿರುವಾಗಲೇ ರಿವರ್ಸ್ ಹಾಕಿ ಥ್ರಾಟಲ್ ಕೊಟ್ಟಿರಿ. ಮೂತಿ ಬಲಕ್ಕೆ ಹೋಯಿತು, ಬಾಲ ಎಡಕ್ಕೆ, ಅಂದರೆ ನೇರ ಡಾಕ್‌ಗೆ. ಬೋಟು ನೀವು ಹೇಳಿದ್ದನ್ನು ಅಕ್ಷರಶಃ ಮಾಡಿತು. ನಿಮಗೆ ಆಶ್ಚರ್ಯ ಆಗಬಹುದು, ಡಾಕ್‌ಗೆ ಕಟ್ಟಲು ಬರುವ ಸರಿಯಾದ ವಿಧಾನಕ್ಕೂ ನೀವು ಮಾಡಿದ್ದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ವೇಗ ಜಾಸ್ತಿಯಾಗಿತ್ತು, ಮಾಡಿದ್ದು ತಡವಾಗಿತ್ತು. ಅಷ್ಟೇ.

ಸರಿಯಾಗಿ ಮಾಡಿದರೆ ಹೀಗಿರುತ್ತದೆ. ಫೆಂಡರ್, ಹಗ್ಗ ಎಲ್ಲ ದೂರದಲ್ಲೇ ಕಟ್ಟಿಕೊಳ್ಳಿ. ಗಾಳಿಗೆ ಎದುರಾಗಿ ಬರುವಂಥ ಜಾಗ ಆರಿಸಿಕೊಳ್ಳಿ. ಗಾಳಿಯೇ ನಿಮ್ಮ ಬ್ರೇಕು. ನಾಲ್ಕೈದು ಬೋಟಿನುದ್ದ ದೂರದಲ್ಲೇ ನ್ಯೂಟ್ರಲ್‌ಗೆ ಬಂದು ನೋಡಿ, ಬೋಟು ಎಷ್ಟು ದೂರ ತೇಲಿಕೊಂಡು ಹೋಗುತ್ತದೆ ಅಂತ. ಗಂಟೆಗೆ 5 ಮೈಲಿ ಅಂದರೆ ಒಂದು ಸೆಕೆಂಡಿಗೆ ಏಳಡಿಗಿಂತ ಜಾಸ್ತಿ. ನಿಮ್ಮ ಬೋಟಿನುದ್ದ ಮೂರು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಡಾಕ್ ಹತ್ತಿರ ಅದೂ ಜೋರೇ. ಸ್ವಲ್ಪ ಮುಂದೆ, ನ್ಯೂಟ್ರಲ್, ಸ್ವಲ್ಪ ಮುಂದೆ, ನ್ಯೂಟ್ರಲ್, ಹೀಗೆ ಬನ್ನಿ. ಮೂತಿ ಡಾಕ್ ಕಡೆ ಓರೆಯಾಗಿರಲಿ. ಒಂದು ಮಾರು ದೂರ ಇರುವಾಗ ಚಕ್ರ ಡಾಕ್‌ನಿಂದ ಆಚೆ, ನಿಮ್ಮ ಲೆಕ್ಕದಲ್ಲಿ ಬಲಕ್ಕೆ, ಪೂರ್ತಿ ತಿರುಗಿಸಿ. ತಿರುಗಿಸಿದ ಮೇಲೆ ಒಂದೇ ಒಂದು ಪುಟ್ಟ ಥ್ರಾಟಲ್. ಮೂತಿ ಆಚೆ ಸರಿಯುತ್ತದೆ, ಬಾಲ ಡಾಕ್ ಕಡೆ ಬರುತ್ತದೆ, ಬೋಟು ಡಾಕ್‌ಗೆ ಸಮನಾಗುತ್ತದೆ. ಚಕ್ರ ಮುಟ್ಟಬೇಡಿ. ಹಾಗೇ ರಿವರ್ಸ್ ಹಾಕಿ. ಬೋಟು ನಿಲ್ಲುತ್ತದೆ, ಬಾಲ ಇನ್ನೂ ಸ್ವಲ್ಪ ಡಾಕ್ ಹತ್ತಿರ ಬರುತ್ತದೆ. ಔಟ್‌ಬೋರ್ಡ್‌ನವರು ಈ ಹಂತದಲ್ಲಿ ಚಕ್ರವನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುಗಿಸಬೇಕು. ನಿಮಗೆ ಆ ಕೆಲಸವೇ ಇಲ್ಲ. ಜೆಟ್ ಬೋಟು ಡಾಕ್‌ಗೆ ಬರುವುದಕ್ಕೆ ಕಷ್ಟ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಚಕ್ರ ಮೊದಲು, ಥ್ರಾಟಲ್ ಆಮೇಲೆ. ಈ ಕ್ರಮ ತಪ್ಪಬಾರದು. ಥ್ರಾಟಲ್ ಕೊಟ್ಟುಕೊಂಡು ಚಕ್ರ ತಿರುಗಿಸಿದರೆ ತಿರುಗುವ ಮೊದಲೇ ಬೋಟು ಮುಂದಕ್ಕೆ ನುಗ್ಗುತ್ತದೆ.

ಲೆಕ್ಕ ತಪ್ಪಿತು ಅನ್ನಿಸಿದರೆ ಚಕ್ರ ನೇರ ಮಾಡಿ, ರಿವರ್ಸ್ ಹಾಕಿ, ಹಿಂದೆ ಬಂದುಬಿಡಿ. ರಿವರ್ಸ್‌ನಲ್ಲಿ ಜೋರಾಗಿ ಥ್ರಾಟಲ್ ಕೊಡಬೇಡಿ. ಬಕೆಟ್‌ನಿಂದ ಮುಂದಕ್ಕೆ ನುಗ್ಗಿದ ನೊರೆ ನೀರನ್ನು ಕೆಳಗಿನ ಜಾಲರಿ ಮತ್ತೆ ಎಳೆದುಕೊಳ್ಳುತ್ತದೆ, ಪಂಪಿಗೆ ಗಾಳಿ ಸಿಗುತ್ತದೆ, ಇಂಜಿನ್ ಕೂಗುತ್ತದೆ, ಬೋಟು ಹೋಗುವುದಿಲ್ಲ. ಮತ್ತೆ ಸುತ್ತು ಹಾಕಿ ಬನ್ನಿ. ಡಾಕ್ ಮೇಲೆ ನಿಂತು ನೋಡುವವರ ಬಗ್ಗೆ ಯೋಚನೆ ಬೇಡ. ನಾನು ಈಗಲೂ ಗಾಳಿಯಿದ್ದ ದಿನ ಎರಡು ಸಲ ಸುತ್ತು ಹಾಕಿ ಬರುತ್ತೇನೆ.

ಜೋರಾಗಿ ಹೋಗುವಾಗ ರಿವರ್ಸ್ ಹಾಕಿ ಬ್ರೇಕ್ ಹಿಡಿಯಬಹುದು ಅನ್ನುವವರಿದ್ದಾರೆ. ಅದಕ್ಕೆಂದೇ ತಯಾರಕರು ವ್ಯವಸ್ಥೆ ಮಾಡಿರುವ ಬೋಟುಗಳು ಬೇರೆ. ನಿಮ್ಮ ಬೋಟಿನ ಪುಸ್ತಕದಲ್ಲಿ ಹಾಗೆ ಬರೆದಿಲ್ಲದಿದ್ದರೆ ಬೇಡವೇ ಬೇಡ. ಮೂತಿ ನೀರಿಗೆ ಮುಗ್ಗರಿಸುತ್ತದೆ, ಮುಂದೆ ಕೂತವರು ಹಾರಿ ಬೀಳುತ್ತಾರೆ.

ಕೇಬಲ್ ಪರೀಕ್ಷೆ. ಬೋಟು ಟ್ರೇಲರ್ ಮೇಲಿರಲಿ, ಇಂಜಿನ್ ಆಫ್, ಕೀ ನಿಮ್ಮ ಜೇಬಲ್ಲಿ. ಒಬ್ಬರು ಚಕ್ರ ತಿರುಗಿಸಲಿ, ಇನ್ನೊಬ್ಬರು ಹಿಂದೆ ನಾಜಲ್ ನೋಡಲಿ. ಚಕ್ರ ಎರಡು ಬೆರಳಿನಷ್ಟು ತಿರುಗಿದರೂ ನಾಜಲ್ ಅಲ್ಲಾಡದಿದ್ದರೆ ಎಲ್ಲೋ ಸಡಿಲ ಇದೆ. ಚಕ್ರವನ್ನು ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ಎಣಿಸಿಕೊಂಡು ತಿರುಗಿಸಿ, ಅದರ ಅರ್ಧಕ್ಕೆ ತನ್ನಿ. ಆಗ ನಾಜಲ್ ಸರಿಯಾಗಿ ನಡುವಿನಲ್ಲಿರಬೇಕು. ಇಲ್ಲದಿದ್ದರೆ ಹೊಂದಿಸಿದರೆ ಸಾಕು, ಹೊಸದು ಬೇಕಿಲ್ಲ. ಆದರೆ ಚಕ್ರ ಬಿಗಿಯಾಗಿದ್ದರೆ, ನಡುವೆ ಎಲ್ಲೋ ಹಿಡಿದುಕೊಂಡು ಬಿಟ್ಟ ಹಾಗಾದರೆ, ಕೇಬಲ್ ಒಳಗೆ ನೀರು ಹೋಗಿ ತುಕ್ಕು ಹಿಡಿದಿದೆ ಅಂತ ಅರ್ಥ. ಆಗ ಗ್ರೀಸ್ ಹಾಕಿ ದಿನ ದೂಡಬೇಡಿ, ಬದಲಿಸಿ. ಜೋರಿನಲ್ಲಿ ಹೋಗುವಾಗ ಅದು ಸಿಕ್ಕಿಹಾಕಿಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ. ವರ್ಕ್‌ಶಾಪ್‌ನವರಿಗೆ "ನಾಜಲ್ ಎಲ್ಲಿ ಸಡಿಲ ಇದೆ, ನನ್ನೆದುರಿಗೆ ತೋರಿಸಿ" ಅಂತ ಕೇಳಿ. ನಿಜವಾಗಿ ಸಡಿಲ ಇದ್ದರೆ ಎರಡು ನಿಮಿಷದಲ್ಲಿ ತೋರಿಸಬಹುದು.

ಫಿನ್ ಬಗ್ಗೆ. ನಾಜಲ್‌ಗೆ ಕೂಡಿಸುವ ಈ ರೆಕ್ಕೆಗಳು ಚಿಕ್ಕ ಚುಕ್ಕಾಣಿಯ ಹಾಗೆ. ನಿಧಾನದ ಓಲಾಟ ಕಡಿಮೆ ಆಗುತ್ತದೆ, ಥ್ರಾಟಲ್ ಇಳಿಸಿದಾಗಲೂ ಸ್ವಲ್ಪ ತಿರುಗುವ ಶಕ್ತಿ ಬರುತ್ತದೆ. ನಾನು ಇದರ ವಿರೋಧಿ ಅಲ್ಲ, ಹಲವರಿಗೆ ಹಾಕಿಕೊಟ್ಟಿದ್ದೇನೆ. ಆದರೆ ಕೆಳಗೆ ಚಾಚಿಕೊಂಡ ಭಾಗ ಅಂದಮೇಲೆ ಮರಳಿಗೆ, ಮರದ ಬುಡಕ್ಕೆ ತಾಗುತ್ತದೆ. ಆ ಪೆಟ್ಟು ಹೋಗುವುದು ಸ್ಟಿಯರಿಂಗ್ ಕೇಬಲ್‌ಗೇ. ನನ್ನ ಸಲಹೆ, ಫಿನ್ ಹಾಕಿಸುವ ಮೊದಲು ಎರಡು ವಾರ ಅದಿಲ್ಲದೆ ಕಲಿಯಿರಿ. ಮೊದಲೇ ಹಾಕಿಸಿದವರಿಗೆ "ಈಗ ಇದು ಔಟ್‌ಬೋರ್ಡ್ ಥರ ಆಯಿತು" ಅನ್ನುವ ಧೈರ್ಯ ಬಂದುಬಿಡುತ್ತದೆ. ಆಗುವುದಿಲ್ಲ. ಫಿನ್ ಇದ್ದರೂ ಥ್ರಾಟಲ್ ಬಿಟ್ಟರೆ ಬೋಟು ಹೆಚ್ಚಾಗಿ ನೇರವೇ ಹೋಗುತ್ತದೆ.

ಮಾರುವ ಮಾತು ಈಗ ಬೇಡ. ನೀವು ಮುಖ್ಯವಾಗಿ ಮೀನು ಹಿಡಿಯಲು ನಿಧಾನಕ್ಕೆ ದಡ ಸುತ್ತುವವರಾಗಿದ್ದರೆ ಔಟ್‌ಬೋರ್ಡ್ ಒಳ್ಳೆಯದು ಅಂತ ನಾನೇ ಹೇಳುತ್ತಿದ್ದೆ. ಮಕ್ಕಳನ್ನು ನೀರಿಗಿಳಿಸಿ ಆಡಿಸುವುದಕ್ಕೆ ನಿಮ್ಮದೇ ಸರಿ.

ಮಕ್ಕಳ ವಿಷಯ. "ಪ್ರೊಪೆಲ್ಲರ್ ಇಲ್ಲ, ಹಾಗಾಗಿ ಸೇಫ್" ಅನ್ನುವುದು ಅರ್ಧ ಸತ್ಯ. ಬಯಲಲ್ಲಿ ತಿರುಗುವ ಬ್ಲೇಡ್ ಇಲ್ಲ, ಅದು ದೊಡ್ಡ ಲಾಭವೇ. ಆದರೆ ಹೊಟ್ಟೆಯ ಕೆಳಗಿನ ಜಾಲರಿ ನೀರಿನ ಜೊತೆ ಕೂದಲು, ಹಗ್ಗ, ಲೈಫ್ ಜಾಕೆಟ್‌ನ ಪಟ್ಟಿ ಏನು ಸಿಕ್ಕರೂ ಎಳೆಯುತ್ತದೆ. ಕೆಲವು ವರ್ಷದ ಹಿಂದೆ ಒಂದು ಬೋಟು ನನ್ನ ಹತ್ತಿರ ಬಂತು, ಇಂಜಿನ್ ಕೂಗುತ್ತದೆ ಆದರೆ ಓಡುವುದಿಲ್ಲ ಅಂತ. ಜಾಲರಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಶಾಫ್ಟಿಗೆ ಒಂದು ಕೇಸರಿ ದುಪಟ್ಟಾ ಸುತ್ತಿಕೊಂಡಿತ್ತು. ಬಾಬಿನ್‌ಗೆ ದಾರ ಸುತ್ತಿದ ಹಾಗೆ, ಒಂದರ ಮೇಲೊಂದು, ಬಿಗಿಯಾಗಿ. ಚಾಕುವಿನಿಂದ ಕೊಯ್ದು ಕೊಯ್ದು ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯದ್ದು ಅದು. ಹೆಗಲ ಮೇಲೆ ಸುಮ್ಮನೆ ಹಾಕಿಕೊಂಡಿದ್ದಳಂತೆ, ಸುತ್ತಿಕೊಂಡಿರಲಿಲ್ಲ. ಆ ಬಟ್ಟೆಯ ತುಂಡುಗಳನ್ನು ಕೈಯಲ್ಲಿ ಹಿಡಿದಾಗ ನನಗಾದ ನಡುಕ ಇನ್ನೂ ಮರೆತಿಲ್ಲ.

ಹೆಚ್ಚಿನ ಜೆಟ್ ಬೋಟ್‌ಗಳಲ್ಲಿ ಇಂಜಿನ್ ಮತ್ತು ಇಂಪೆಲ್ಲರ್ ನೇರ ಕೂಡಿರುತ್ತವೆ. ಇಂಜಿನ್ ಆನ್ ಆಯಿತೆಂದರೆ ಇಂಪೆಲ್ಲರ್ ತಿರುಗಿತು ಅಂತಲೇ, ನ್ಯೂಟ್ರಲ್‌ನಲ್ಲೂ. ಆದ್ದರಿಂದ ಯಾರಾದರೂ ನೀರಲ್ಲಿದ್ದು ಬೋಟಿನ ಹತ್ತಿರ ಬರುತ್ತಿದ್ದರೆ ನ್ಯೂಟ್ರಲ್ ಸಾಲದು, ಇಂಜಿನ್ ಆಫ್ ಆಗಬೇಕು. ಎಲ್ಲರೂ ಒಳಗೆ ಬಂದು ಕೂತ ಮೇಲೆ, ತಲೆ ಎಣಿಸಿ, ಆಮೇಲೆ ಸ್ಟಾರ್ಟ್. ಹಿಂದಿನ ಮೆಟ್ಟಿಲ ಮೇಲೆ ಯಾರೂ ಇರಬಾರದು. ನಾಜಲ್‌ನಿಂದ ಬರುವ ನೀರಿನ ಹೊಡೆತ ಹತ್ತಿರದಿಂದ ಮೈಗೆ ಬಿದ್ದರೆ ಒಳಗಿನ ಅಂಗಗಳಿಗೆ ದೊಡ್ಡ ಗಾಯ ಆಗುತ್ತದೆ. ಇಂಜಿನ್ ಓಡುತ್ತಿರುವಾಗ ಅಲ್ಲಿ ಕೂತರೆ ಕಾರ್ಬನ್ ಮೊನಾಕ್ಸೈಡ್ ಬೇರೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮಕ್ಕಳು ಮೂತಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕಂತೂ ಬಿಡಲೇಬೇಡಿ. ಜೆಟ್ ಬೋಟಿನಲ್ಲಿ ಥ್ರಾಟಲ್ ಬಿಟ್ಟರೆ ಮೂತಿ ಥಟ್ಟನೆ ಕೆಳಗಿಳಿಯುತ್ತದೆ. ಮಗು ಮುಂದಕ್ಕೆ ಬೀಳುತ್ತದೆ, ಬೋಟು ಅದರ ಮೇಲೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ನಿಮ್ಮಂಥ ಬೋಟಿನಲ್ಲಿ 13 ವರ್ಷದೊಳಗಿನ ಮಕ್ಕಳು ಬೋಟು ಸಾಗುತ್ತಿರುವಾಗ ಲೈಫ್ ಜಾಕೆಟ್ ಹಾಕಿಕೊಂಡಿರಲೇಬೇಕು. ಓಡಿಸುವವರಿಗೆ ಲ್ಯಾನ್ಯಾರ್ಡ್ ಇದೆ, ನೀವು ಬಿದ್ದರೆ ಇಂಜಿನ್ ನಿಲ್ಲಿಸುವ ಆ ಕೆಂಪು ಹಗ್ಗ. 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ, ಆ ಸೌಲಭ್ಯ ಇದ್ದರೆ, ಜೋರಾಗಿ ಹೋಗುವಾಗ ಅದನ್ನು ಬಳಸುವುದು ಅಮೆರಿಕದ ಕಾನೂನು. ಮೈಗೆ ಸಿಕ್ಕಿಸಿಕೊಳ್ಳಿ.

ಆಳದ ವಿಷಯ ಒಂದೇ ಮಾತು. ಹಿಲರಿಯವರ ಬೋಟು ತೆಳು ನೀರಲ್ಲಿ ಹೋಯಿತು ಅಂತ ನೀವು ಹೋಗಬೇಡಿ. ಬೋಟಿನ ತಳದಿಂದ ಕನಿಷ್ಠ 3 ಅಡಿ ನೀರಿಲ್ಲದ ಕಡೆ ಇಂಜಿನ್ ಆನ್ ಮಾಡಿದರೆ ಮರಳು, ಕಲ್ಲು ಒಳಗೆ ಹೋಗಿ ಇಂಪೆಲ್ಲರ್ ತೇಯುತ್ತದೆ.

ಈಗ ಅಭ್ಯಾಸ. ಒಂದು ಶನಿವಾರ ಬೆಳಿಗ್ಗೆ ಏಳಕ್ಕೇ ನೀರಿಗಿಳಿಯಿರಿ, ಮಕ್ಕಳಿಲ್ಲದೆ, ನೀವಿಬ್ಬರೇ. ನಿಮ್ಮ ಕಡೆ ವಸಂತದಲ್ಲಿ ಹೊತ್ತೇರಿದ ಹಾಗೆ ತೆಂಕಣ ಗಾಳಿ ಜೋರಾಗುತ್ತದೆ, ಬೆಳಿಗ್ಗೆ ನೀರು ಶಾಂತ. ಖಾಲಿ ಹಾಲಿನ ಕ್ಯಾನ್ ಎರಡು ತನ್ನಿ, ಹಗ್ಗ ಕಟ್ಟಿ ಒಂದೊಂದು ಇಟ್ಟಿಗೆ ಕಟ್ಟಿ. ಯಾರೂ ಇಲ್ಲದ ಬಯಲು ನೀರಿನಲ್ಲಿ ಒಂದನ್ನು ಬಿಡಿ. ಅದೇ ನಿಮ್ಮ ಡಾಕ್. ತಾಗಿದರೂ ಏನೂ ಆಗುವುದಿಲ್ಲ.

ಮೊದಲು ಗಂಟೆಗೆ 15 ಮೈಲಿಯಲ್ಲಿ ಅದರ ಕಡೆ ಹೋಗಿ, ನಾಲ್ಕು ಬೋಟಿನುದ್ದ ಇರುವಾಗ ಬೇಕೆಂದೇ ಥ್ರಾಟಲ್ ಬಿಟ್ಟು ಚಕ್ರ ತಿರುಗಿಸಿ. ಬೋಟು ಹೇಗೆ ನೇರ ಕ್ಯಾನ್ ಮೇಲೇ ಹೋಗುತ್ತದೆ ಅಂತ ಕಣ್ಣಾರೆ ನೋಡಿ. ಮುಂದಿನ ಸಲ ಅದೇ ಜಾಗದಲ್ಲಿ ಚಕ್ರ ತಿರುಗಿಸಿ, ಥ್ರಾಟಲ್ ಹಿಡಿದೇ ಇರಿ. ಬೋಟು ಪಕ್ಕಕ್ಕೆ ಹೊರಳುತ್ತದೆ. ಇದನ್ನು ಇಪ್ಪತ್ತು ಸಲ ಮಾಡಿ. ಹತ್ತನೆಯ ಸಲಕ್ಕೆ ಬೇಜಾರು ಬರುತ್ತದೆ, ಆದರೂ ಮಾಡಿ. ಕೈಗೆ ಅದು ಇಳಿಯುವುದು ಬೇಜಾರು ಬಂದ ಮೇಲೆಯೇ. ನಿಮ್ಮ ಮನೆಯವರೂ ಅಷ್ಟೇ ಸಲ ಮಾಡಲಿ.

ಆಮೇಲೆ ರಿವರ್ಸ್‌ನಲ್ಲಿ ಕ್ಯಾನ್ ಸುತ್ತ ಬನ್ನಿ. ತಿರುಗಿ ಹಿಂದೆ ನೋಡಿದರೆ ಕಾರಿನ ಅಭ್ಯಾಸ ವಾಪಸ್ ಬರುತ್ತದೆ, ಗಮನ ಇರಲಿ. ಎರಡನೆಯ ಕ್ಯಾನ್ ಬಿಟ್ಟು ಎರಡರ ನಡುವೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲೇ ಐದು ನಿಮಿಷ ಅಲ್ಲೇ ಉಳಿಯಲು ನೋಡಿ. ಕೊನೆಗೆ ಡಾಕ್‌ಗೆ ಬರುವ ವಿಧಾನ, ಎಡಗಡೆಯಿಂದ ಹತ್ತು ಸಲ, ಬಲಗಡೆಯಿಂದ ಹತ್ತು ಸಲ. ವಾಪಸ್ ಬರುವಾಗ ಕ್ಯಾನ್, ಹಗ್ಗ ಎಲ್ಲ ಇಂಜಿನ್ ಆಫ್ ಮಾಡಿ ಎತ್ತಿಕೊಳ್ಳಿ, ಇಲ್ಲದಿದ್ದರೆ ಆ ಹಗ್ಗ ಹೋಗಿ ಸೇರುವುದು ಶಾಫ್ಟಿಗೇ.

ಕಿತ್ತುಹೋದ ಜೆಲ್‌ಕೋಟ್ ಬಗ್ಗೆ. ಬೆರಳಾಡಿಸಿ ನೋಡಿ. ಒಳಗಿನ ಫೈಬರ್‌ನ ಎಳೆ ಕೈಗೆ ಸಿಕ್ಕರೆ, ಅದೂ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಮುಚ್ಚಿಸುವವರೆಗೂ ನೀರಿಗೆ ಇಳಿಸಬೇಡಿ. ಕೆಲವು ದಿನ ನೆರಳಲ್ಲಿ ಚೆನ್ನಾಗಿ ಒಣಗಲಿ, ಆಮೇಲೆ ತುಂಬಿಸಿ. ಮೇಲಿದ್ದರೆ, ಬರೀ ಬಿಳಿ ಪದರ ಹೋಗಿದ್ದರೆ, ಸದ್ಯಕ್ಕೆ ಅದರ ಮೇಲೆ ಟೇಪ್ ಹಾಕಿ ಬಿಡಿ. ಕ್ಯಾನ್‌ಗಳ ಅಭ್ಯಾಸ ಮುಗಿದ ಮೇಲೆ ರಿಪೇರಿ ಮಾಡಿಸಿದರೆ ಎರಡು ಸಲ ಮಾಡಿಸುವ ಖರ್ಚು ತಪ್ಪುತ್ತದೆ.